ನಾಲ್ಕು ಸಲ ಗೆದ್ದರೂ ಒಳಗೆ ಬಿಡಲಿಲ್ಲ: ಜಾನ್ ವಿಲ್ಕ್ಸ್ ಎಂಬ ಪೋಲಿಯ ರಾಜಕೀಯ

1769ರ ಏಪ್ರಿಲ್ 13ರಂದು ಇಂಗ್ಲೆಂಡಿನ ಮಿಡ್ಲ್‌ಸೆಕ್ಸ್ ಕ್ಷೇತ್ರದಲ್ಲಿ ಉಪಚುನಾವಣೆ ನಡೆಯಿತು. ಜಾನ್ ವಿಲ್ಕ್ಸ್‌ಗೆ 1,143 ಮತ ಬಿತ್ತು. ಎದುರಾಳಿ ಹೆನ್ರಿ ಲಟ್ರೆಲ್‌ಗೆ ಬಿದ್ದದ್ದು 296. ಎರಡು ದಿನ ಬಿಟ್ಟು ಸಂಸತ್ತಿನ ಕೆಳಮನೆಯಾದ ಕಾಮನ್ಸ್ ಸಭೆ ಕೂತು ವಿಚಾರ ಮಾಡಿ, ಗೆದ್ದವನು ಲಟ್ರೆಲ್ ಎಂದು ಹೇಳಿತು.

ಎಣಿಕೆಯಲ್ಲಿ ಎಡವಟ್ಟಾಗಿರಲಿಲ್ಲ. ಮತಗಳ ಲೆಕ್ಕ ಎಲ್ಲರಿಗೂ ಗೊತ್ತಿತ್ತು. ಒಂದು ವರ್ಷದಲ್ಲಿ ಅದೇ ಕ್ಷೇತ್ರದ ಜನ ವಿಲ್ಕ್ಸ್‌ನನ್ನು ಗೆಲ್ಲಿಸಿದ್ದು ಅದು ನಾಲ್ಕನೇ ಸಲ. ಇವನು ಒಳಗೆ ಬರಕೂಡದು ಎಂದು ಸಭೆ ಹಟ ಹಿಡಿದಿತ್ತು, ಇವನನ್ನೇ ಕಳಿಸುತ್ತೇವೆ ಎಂದು ಮತದಾರರು ಹಟ ಹಿಡಿದಿದ್ದರು. ಸಂಸದ ಯಾರು ಅನ್ನೋದನ್ನು ಕೊನೆಗೆ ತೀರ್ಮಾನ ಮಾಡುವವರು ಯಾರು, ಸಭೆಯೋ ಜನರೋ? ಈ ಪ್ರಶ್ನೆಯ ಜೊತೆಗೆ ಇನ್ನೆರಡು ಪ್ರಶ್ನೆಗಳೂ ಇದೇ ಮನುಷ್ಯನ ಬೆನ್ನಿಗೆ ಬಿದ್ದವು. ಹೆಸರಿಲ್ಲದ ವಾರಂಟ್ ಹಿಡಿದುಕೊಂಡು ಸರ್ಕಾರದ ಆಳುಗಳು ಮನೆಗೆ ನುಗ್ಗಬಹುದಾ? ಸಂಸತ್ತಿನಲ್ಲಿ ಆಡಿದ ಮಾತನ್ನು ಪತ್ರಿಕೆಯಲ್ಲಿ ಹಾಕಬಹುದಾ?

ಮೂರಕ್ಕೂ ಸಿಕ್ಕ ಉತ್ತರಗಳು ಒಳ್ಳೆಯವೇ. ಆದರೆ ಅವುಗಳಿಗಾಗಿ ಹೊಡೆದಾಡಿದವನನ್ನು ಯಾರೂ ಮನೆಗೆ ಊಟಕ್ಕೆ ಕರೆಯುವಂತಿರಲಿಲ್ಲ. ಅದಕ್ಕೇ ಈ ಕಥೆ ನನಗೆ ಇಷ್ಟ.

ವಿಲ್ಕ್ಸ್ ಹುಟ್ಟಿದ್ದು 1725ರಲ್ಲಿ, ಲಂಡನ್‌ನ ಕ್ಲರ್ಕನ್‌ವೆಲ್‌ನಲ್ಲಿ. ಅಪ್ಪನದು ಮದ್ಯದ ಭಟ್ಟಿ, ಕೈತುಂಬಾ ದುಡ್ಡು. ಮಗನನ್ನು ಓದಲು ಹಾಲೆಂಡಿನ ಲೈಡನ್ ವಿಶ್ವವಿದ್ಯಾಲಯಕ್ಕೆ ಕಳಿಸಿದ. ಹುಡುಗನಿಗೆ ಮೆಳ್ಳೆಗಣ್ಣು, ಮುಂದಕ್ಕೆ ಚಾಚಿದ ದವಡೆ. ನೋಡಲು ಚೆನ್ನಾಗಿರಲಿಲ್ಲ, ಮಾತು ಮಾತ್ರ ಬೆಣ್ಣೆ. ಅರ್ಧ ಗಂಟೆ ಮಾತಾಡಲು ಬಿಟ್ಟರೆ ನನ್ನ ಮುಖ ಎಂಥದ್ದು ಅನ್ನೋದನ್ನೇ ಮರೆಸಿಬಿಡುತ್ತೇನೆ ಎಂದು ಅವನೇ ಹೇಳಿಕೊಳ್ಳುತ್ತಿದ್ದನಂತೆ.

1747ರಲ್ಲಿ ಮೇರಿ ಮೀಡ್ ಎಂಬ ಶ್ರೀಮಂತ ಹೆಣ್ಣಿನ ಜೊತೆ ಮದುವೆಯಾಯಿತು. ಆಕೆ ಇವನಿಗಿಂತ ವಯಸ್ಸಿನಲ್ಲಿ ಸಾಕಷ್ಟು ದೊಡ್ಡವಳು, ದೇವರು ದಿಂಡರು ಎಂದು ನೇಮದಿಂದ ಬದುಕುವವಳು. ಇವನದು ಕುಡಿತ, ಹೆಣ್ಣು, ಸಾಲ. ಹತ್ತು ವರ್ಷದೊಳಗೆ ಇಬ್ಬರೂ ಬೇರೆಯಾದರು. ಒಪ್ಪಂದದ ಪ್ರಕಾರ ಆಕೆಗೆ ವರ್ಷಕ್ಕೆ 200 ಪೌಂಡ್ ಸಿಗಬೇಕಿತ್ತು. ವಿಲ್ಕ್ಸ್ ಅದಕ್ಕೂ ಕೈ ಹಾಕಿದ. ಆಕೆ ಬಗ್ಗದಿದ್ದಾಗ 1758ರಲ್ಲಿ ಕೋರ್ಟಿಗೆ ಹೋಗಿ, ಹಿಡಿದಿಟ್ಟವರನ್ನು ನ್ಯಾಯಾಧೀಶರ ಮುಂದೆ ತರಿಸುವ ಹೇಬಿಯಸ್ ಕಾರ್ಪಸ್ ರಿಟ್ ತಂದ, ಹೆಂಡತಿ ನನ್ನ ವಶಕ್ಕೆ ಬರಲಿ ಎಂದು. ಬೇರೆ ಇರಲು ಒಪ್ಪಿ ಸಹಿ ಹಾಕಿದ ಮೇಲೆ ಅವಳ ಮೇಲೆ ಜೋರು ಮಾಡುವಂತಿಲ್ಲ ಎಂದು ನ್ಯಾಯಾಲಯ ಹೇಳಿ ಕಳಿಸಿತು. ಮುಂದೆ ಇದೇ ಮನುಷ್ಯ ತನ್ನ ಬಿಡುಗಡೆಗೆ ಅದೇ ಹೇಬಿಯಸ್ ಕಾರ್ಪಸ್ ಮೊರೆ ಹೋಗಿ, ಸ್ವಾತಂತ್ರ್ಯದ ಹೆಸರಿನಲ್ಲಿ ದೇಶವನ್ನೇ ಎಬ್ಬಿಸಿದ!

ರಾಜಕೀಯಕ್ಕೆ ಬಂದದ್ದೂ ಆ ಕಾಲದ ರೀತಿಯಲ್ಲೇ, ದುಡ್ಡು ಚೆಲ್ಲಿ. 1754ರಲ್ಲಿ ಬೆರಿಕ್‌ನಲ್ಲಿ ನಿಂತು ಸೋತ. 1757ರಲ್ಲಿ ಐಲ್ಸ್‌ಬರಿಯಲ್ಲಿ ಸುಮಾರು 7,000 ಪೌಂಡ್ ಖರ್ಚು ಮಾಡಿ ಗೆದ್ದ. ಬಿಡುವಿದ್ದಾಗ ಮೆಡ್ಮೆನ್‌ಹ್ಯಾಮ್‌ನ ಹಳೆಯ ಮಠವೊಂದರಲ್ಲಿ, ಸನ್ಯಾಸಿಗಳೆಂದು ಹೆಸರಿಟ್ಟುಕೊಂಡು ಕುಡಿದು ಕುಣಿಯುತ್ತಿದ್ದ ದೊಡ್ಡವರ ಗುಂಪಿನಲ್ಲಿ ಇರುತ್ತಿದ್ದ. ಸಂಸತ್ತಿನಲ್ಲಿ ಅವನ ಹೆಸರು ಕೇಳಿದವರೇ ಕಡಿಮೆ. ಇಷ್ಟರಲ್ಲೇ ಮುಗಿದಿದ್ದರೆ ಇವತ್ತು ಯಾರಿಗೂ ಅವನ ನೆನಪಿರುತ್ತಿರಲಿಲ್ಲ.

1760ರಲ್ಲಿ ಮೂರನೇ ಜಾರ್ಜ್ ಪಟ್ಟಕ್ಕೆ ಬಂದ. ತನಗೆ ಪಾಠ ಹೇಳಿಕೊಟ್ಟಿದ್ದ ಸ್ಕಾಟ್ಲೆಂಡಿನ ಲಾರ್ಡ್ ಬ್ಯೂಟ್‌ನನ್ನೇ ಎರಡು ವರ್ಷದಲ್ಲಿ ಪ್ರಧಾನಿ ಮಾಡಿದ. ಬ್ಯೂಟ್ ತನ್ನ ಪರವಾಗಿ 'ದಿ ಬ್ರಿಟನ್' ಎಂಬ ವಾರಪತ್ರಿಕೆ ಹೊರಡಿಸಿದ. ಅದನ್ನು ಅಣಕಿಸಲು ವಿಲ್ಕ್ಸ್ 1762ರ ಜೂನ್‌ನಲ್ಲಿ 'ದಿ ನಾರ್ತ್ ಬ್ರಿಟನ್' ಶುರು ಮಾಡಿದ. ಜೊತೆಗಿದ್ದವನು ಕವಿ ಚಾರ್ಲ್ಸ್ ಚರ್ಚಿಲ್. ಬ್ಯೂಟ್‌ಗೂ ರಾಜನ ತಾಯಿಗೂ ಸಂಬಂಧ ಕಟ್ಟಿ ಚುಚ್ಚುವುದು, ಸ್ಕಾಟ್ ಜನರನ್ನೆಲ್ಲ ಒಟ್ಟಿಗೆ ಹೀಯಾಳಿಸುವುದು, ಇದೇ ಅದರ ಸರಕು. ಒಳ್ಳೆಯ ಪತ್ರಿಕೆ ಅಂತ ಹೇಳೋಕಾಗಲ್ಲ.

1763ರ ಏಪ್ರಿಲ್ 23ರಂದು ಅದರ 45ನೇ ಸಂಚಿಕೆ ಬಂತು. ಏಳು ವರ್ಷದ ಯುದ್ಧ ಮುಗಿಸಿದ ಪ್ಯಾರಿಸ್ ಒಪ್ಪಂದವನ್ನು ರಾಜ ತನ್ನ ಭಾಷಣದಲ್ಲಿ ಹೊಗಳಿದ್ದ. ಆ ಹೊಗಳಿಕೆ ಸುಳ್ಳು ಎಂದು 45ನೇ ಸಂಚಿಕೆ ಬರೆಯಿತು. ರಾಜನ ಭಾಷಣ ಬರೆದುಕೊಡುವವರು ಮಂತ್ರಿಗಳು, ಆದ್ದರಿಂದ ನಾವು ಬೈಯುತ್ತಿರುವುದು ಮಂತ್ರಿಗಳನ್ನು ಎಂದು ಮೊದಲೇ ಜಾಣತನದಿಂದ ಬೇಲಿ ಹಾಕಿಕೊಂಡಿತ್ತು. ರಾಜನಿಗೆ ಆ ಬೇಲಿ ಕಾಣಲಿಲ್ಲ. ನನ್ನನ್ನೇ ಸುಳ್ಳುಗಾರ ಅಂದರು ಎಂದು ಸಿಟ್ಟಾದ.

ಇಲ್ಲಿಂದ ಕಾನೂನಿನ ವಿಷಯ ಶುರು. ಮಂತ್ರಿ ಲಾರ್ಡ್ ಹ್ಯಾಲಿಫ್ಯಾಕ್ಸ್ ಸಹಿ ಹಾಕಿದ್ದು ಜನರಲ್ ವಾರಂಟ್‌ಗೆ. ಇದರಲ್ಲಿ ಹಿಡಿಯಬೇಕಾದವರ ಹೆಸರೇ ಇರುವುದಿಲ್ಲ. 45ನೇ ಸಂಚಿಕೆ ಬರೆದವರು, ಮುದ್ರಿಸಿದವರು, ಪ್ರಕಟಿಸಿದವರು ಯಾರೇ ಆಗಿರಲಿ, ಹುಡುಕಿ ಹಿಡಿದು ಅವರ ಕಾಗದಪತ್ರಗಳ ಸಮೇತ ತನ್ನಿ ಅಂತಷ್ಟೇ ಇತ್ತು. ಯಾರನ್ನು ಹಿಡಿಯಬೇಕು, ಯಾರ ಮನೆ ಜಾಲಾಡಬೇಕು ಅನ್ನೋದು ವಾರಂಟ್ ಹಿಡಿದು ಹೋದ ಆಳಿನ ಇಷ್ಟ. ಮೊದಲು ಪುರಾವೆ, ಆಮೇಲೆ ಬಂಧನ ಆಗಬೇಕಿತ್ತು. ಇಲ್ಲಿ ಮೊದಲು ಬಂಧನ, ಪುರಾವೆ ಆಮೇಲೆ ಹುಡುಕೋಣ ಎಂದಾಯಿತು. ಕೆಲವೇ ದಿನಗಳಲ್ಲಿ 49 ಜನರನ್ನು ಎಳೆದುತಂದರು. ಡ್ರೈಡನ್ ಲೀಚ್ ಎಂಬ ಮುದ್ರಕನನ್ನು ರಾತ್ರಿ ಹಾಸಿಗೆಯಿಂದ ಎಬ್ಬಿಸಿ ಒಯ್ದರು. ಅವನು ಆ ಸಂಚಿಕೆಯನ್ನು ಮುದ್ರಿಸಿಯೇ ಇರಲಿಲ್ಲ.

ಏಪ್ರಿಲ್ 30ರ ಬೆಳಿಗ್ಗೆ ವಿಲ್ಕ್ಸ್ ಮನೆಗೆ ಬಂದರು. ಇದರಲ್ಲಿ ನನ್ನ ಹೆಸರು ಎಲ್ಲಿದೆ, ಇದು ಇಡೀ ಇಂಗ್ಲಿಷ್ ಜನರ ಮೇಲೆ ಹೊರಡಿಸಿದ ವಾರಂಟ್ ಎಂದು ಇವನು ವಾದಕ್ಕಿಳಿದ. ಅಷ್ಟರಲ್ಲಿ ಚರ್ಚಿಲ್ ಒಳಗೆ ಬಂದ. ಅವನನ್ನೂ ಹಿಡಿಯಬೇಕಿತ್ತು, ಆದರೆ ಬಂದವರಿಗೆ ಅವನ ಮುಖ ಗೊತ್ತಿರಲಿಲ್ಲ. ವಿಲ್ಕ್ಸ್ ತಟ್ಟನೆ, "ಬನ್ನಿ ಥಾಮ್ಸನ್ ಅವರೇ, ಮನೆಯವರು ಹೇಗಿದ್ದಾರೆ? ಊಟಕ್ಕೆ ಹಳ್ಳಿ ಕಡೆ ಹೋಗ್ತಾರಾ?" ಎಂದು ಮಾತಾಡಿಸಿದ. ಚರ್ಚಿಲ್‌ಗೆ ಅರ್ಥವಾಯಿತು. ಹೂಂ, ನಾನೂ ಅಲ್ಲಿಗೇ ಹೊರಟೆ ಎಂದು ಹೇಳಿ ಹೊರಗೆ ಬಿದ್ದವನು ಸೀದಾ ಊರು ಬಿಟ್ಟ. ಹೆಸರಿಲ್ಲದ ವಾರಂಟ್‌ನ ಪೊಳ್ಳುತನ ತೋರಿಸಲು ಇದಕ್ಕಿಂತ ಚೆನ್ನಾದ ನಾಟಕ ಬೇಕಿರಲಿಲ್ಲ.

ವಿಲ್ಕ್ಸ್‌ನನ್ನು ಲಂಡನ್ ಟವರ್‌ನಲ್ಲಿಟ್ಟರು. ಮೇ 6ರಂದು ಮುಖ್ಯ ನ್ಯಾಯಮೂರ್ತಿ ಚಾರ್ಲ್ಸ್ ಪ್ರ್ಯಾಟ್ ಅವನನ್ನು ಬಿಡುಗಡೆ ಮಾಡಿದರು. ಗಮನಿಸಿ, ಬಿಡುಗಡೆ ಆದದ್ದು ವಾರಂಟ್ ತಪ್ಪು ಎಂಬ ಕಾರಣಕ್ಕಲ್ಲ. ಅವನು ಸಂಸದ, ಮಾನಹಾನಿಯಂಥ ಆರೋಪಕ್ಕೆ ಸಂಸದನನ್ನು ಬಂಧಿಸುವಂತಿಲ್ಲ ಎಂಬ ಕಾರಣಕ್ಕೆ. ಉಳಿದ 48 ಜನ ಸಂಸದರಲ್ಲವಲ್ಲ, ಅವರ ಗತಿ? ಅವರೂ ವಿಲ್ಕ್ಸ್‌ನೂ ಸೇರಿ ಅಧಿಕಾರಿಗಳ ಮೇಲೆ ನಷ್ಟ ಪರಿಹಾರದ ಕೇಸು ಜಡಿದರು. ಮುದ್ರಣಾಲಯದಲ್ಲಿ ಅಚ್ಚುಮೊಳೆ ಜೋಡಿಸುವ ಕೂಲಿ ಹಕಲ್ ಎಂಬವನದು ತಮಾಷೆಯ ಕೇಸು. ಅವನನ್ನು ಹಿಡಿದಿಟ್ಟುಕೊಂಡದ್ದು ಸುಮಾರು ಆರು ಗಂಟೆ. ಅಧಿಕಾರಿಗಳು ಮರ್ಯಾದೆಯಿಂದಲೇ ನಡೆಸಿಕೊಂಡಿದ್ದರು, ತಿನ್ನಲು ಮಾಂಸ, ಕುಡಿಯಲು ಬಿಯರ್ ಕೊಟ್ಟಿದ್ದರು. ಅವನ ವಾರದ ಕೂಲಿ ಒಂದು ಗಿನಿ, ಅಂದರೆ ಒಂದು ಪೌಂಡಿಗಿಂತ ಚೂರು ಜಾಸ್ತಿ. ಜ್ಯೂರಿ ಕೊಡಿಸಿದ ಪರಿಹಾರ 300 ಪೌಂಡ್! ಇದು ವಿಪರೀತವಾಯಿತು ಎಂದು ಸರ್ಕಾರ ಗೋಳಾಡಿತು. ಪ್ರ್ಯಾಟ್ ಕಡಿಮೆ ಮಾಡಲಿಲ್ಲ. ನಷ್ಟವಾದದ್ದು ಆರು ಗಂಟೆಯ ಕೂಲಿಯಲ್ಲ, ಹೆಸರಿಲ್ಲದ ಕಾಗದ ಹಿಡಿದು ಯಾರ ಮನೆಗಾದರೂ ನುಗ್ಗಬಹುದು ಎಂದರೆ ಯಾರೂ ನೆಮ್ಮದಿಯಿಂದ ಇರಲಾರರು ಎಂಬುದು ಅವರ ವಾದದ ಸಾರ.

ವಿಲ್ಕ್ಸ್‌ಗೆ ಅಧೀನ ಕಾರ್ಯದರ್ಶಿ ರಾಬರ್ಟ್ ವುಡ್‌ನಿಂದ 1,000 ಪೌಂಡ್ ಸಿಕ್ಕಿತು. ಹ್ಯಾಲಿಫ್ಯಾಕ್ಸ್ ಆರು ವರ್ಷ ಎಳೆದಾಡಿ, 1769ರಲ್ಲಿ 4,000 ಪೌಂಡ್ ತೆರಬೇಕಾಯಿತು. 1765ರಲ್ಲಿ ಲೀಚ್‌ನ ಕೇಸಿನಲ್ಲಿ ಹೆಸರಿಲ್ಲದ ವಾರಂಟ್ ಕಾನೂನಿಗೆ ಸಲ್ಲದು ಎಂದಾಯಿತು. ಅದೇ ವರ್ಷ ಜಾನ್ ಎಂಟಿಕ್ ಎಂಬ ಇನ್ನೊಬ್ಬ ಬರಹಗಾರನ ಕೇಸಿನಲ್ಲಿ, ಮನೆ ಹೊಕ್ಕು ಕಾಗದ ಒಯ್ಯಲು ಸರ್ಕಾರಕ್ಕೆ ಕಾನೂನಿನ ಆಧಾರ ಬೇಕೇ ಬೇಕು, ಸರ್ಕಾರದ ಅಗತ್ಯ ಎಂಬ ನೆಪ ಸಾಲದು ಎಂದು ತೀರ್ಪು ಬಂತು. ಅಮೆರಿಕದ ಸಂವಿಧಾನದ ನಾಲ್ಕನೇ ತಿದ್ದುಪಡಿ ಹಿಂದೆ ಈ ಕೇಸುಗಳ ನೆರಳಿದೆ. ಯಾವ ಜಾಗ ಹುಡುಕಬೇಕು, ಯಾರನ್ನು ಹಿಡಿಯಬೇಕು ಎಂದು ವಾರಂಟ್‌ನಲ್ಲಿ ಬಿಡಿಸಿ ಬರೆಯಬೇಕು ಎನ್ನುವ ಮಾತು ಅದರಲ್ಲಿದೆ.

ಕೋರ್ಟಿನಲ್ಲಿ ಸೋತ ಸರ್ಕಾರ ಬೇರೆ ದಾರಿ ಹಿಡಿಯಿತು. ವಿಲ್ಕ್ಸ್ ತನ್ನ ಮನೆಯ ಪ್ರೆಸ್‌ನಲ್ಲಿ ಗೆಳೆಯರಿಗಾಗಿ ಒಂದು ಅಶ್ಲೀಲ ಅಣಕು ಕವಿತೆಯ ಕೆಲವೇ ಪ್ರತಿ ಮುದ್ರಿಸಲು ಹೊರಟಿದ್ದ. ಮುದ್ರಣದ ಕೆಲಸಗಾರನಿಗೆ ದುಡ್ಡು ತಿನ್ನಿಸಿ ಅದನ್ನು ಸಂಪಾದಿಸಿದರು. 1763ರ ನವೆಂಬರ್ 15ರಂದು ಮೇಲ್ಮನೆಯಾದ ಲಾರ್ಡ್ಸ್ ಸಭೆಯಲ್ಲಿ ಅದನ್ನು ಓದಿ ಮಡಿವಂತಿಕೆ ತೋರಿಸಿದವನು ಲಾರ್ಡ್ ಸ್ಯಾಂಡ್‌ವಿಚ್, ವಿಲ್ಕ್ಸ್ ಜೊತೆ ಕುಡಿದು ಕುಣಿದಿದ್ದ ಹಳೆಯ ಸಂಗಾತಿ. ಮರುದಿನವೇ ಸ್ಯಾಮ್ಯುಯೆಲ್ ಮಾರ್ಟಿನ್ ಎಂಬ ಸಂಸದನ ಜೊತೆ ಪಿಸ್ತೂಲು ಕಾಳಗದಲ್ಲಿ ವಿಲ್ಕ್ಸ್ ಹೊಟ್ಟೆಗೆ ಗುಂಡು ಬಿತ್ತು. ಇಂಥ ಆರೋಪಕ್ಕೆ ಸಂಸದನಿಗೆ ರಕ್ಷಣೆ ಇಲ್ಲ ಎಂದು ಕಾಮನ್ಸ್ ಸಭೆ ನಿರ್ಣಯ ಮಾಡಿತು. ಕ್ರಿಸ್‌ಮಸ್ ಹೊತ್ತಿಗೆ ವಿಲ್ಕ್ಸ್ ಪ್ಯಾರಿಸ್‌ಗೆ ಓಡಿಹೋದ. 1764ರ ಜನವರಿಯಲ್ಲಿ ಸಭೆ ಅವನನ್ನು ಉಚ್ಚಾಟಿಸಿತು. ಹಾಜರಾಗದೇ ಇದ್ದದ್ದಕ್ಕೆ ಕೋರ್ಟ್ ಅವನನ್ನು ಕಾನೂನುಬಾಹಿರ, ಅಂದರೆ ಕಾನೂನಿನ ರಕ್ಷಣೆ ಕಳೆದುಕೊಂಡವನು ಎಂದು ಸಾರಿತು.

ನಾಲ್ಕು ವರ್ಷ ಯೂರೋಪಿನಲ್ಲಿ ಅಲೆದು, ಸಾಲಗಾರರ ಕಾಟ ತಡೆಯಲಾರದೆ 1768ರ ಫೆಬ್ರವರಿಯಲ್ಲಿ ಮರಳಿ ಬಂದ. ಬಂದವನು ಚುನಾವಣೆಗೆ ನಿಂತ. ಲಂಡನ್ ನಗರದಲ್ಲಿ ಸೋತು, ಕೂಡಲೇ ಮಿಡ್ಲ್‌ಸೆಕ್ಸ್‌ನಲ್ಲಿ ನಾಮಪತ್ರ ಹಾಕಿದ. ಅದು ದೊಡ್ಡ ಕ್ಷೇತ್ರ. ಒಬ್ಬ ಜಮೀನ್ದಾರನ ಮುಷ್ಟಿಯಲ್ಲಿ ಇರಲಿಲ್ಲ. ವರ್ಷಕ್ಕೆ 40 ಶಿಲಿಂಗ್ ಆದಾಯದ ಸ್ವಂತ ಜಮೀನಿದ್ದವನಿಗೆ ಅಲ್ಲಿ ಮತ ಇತ್ತು. ಅಂಗಡಿಯವರು, ಕಸುಬುದಾರರು, ಸಣ್ಣ ವ್ಯಾಪಾರಿಗಳು ಅದರಲ್ಲಿ ಬರುತ್ತಿದ್ದರು. ಅವರೆಲ್ಲ ವಿಲ್ಕ್ಸ್ ಕಡೆ. ಮಾರ್ಚ್ 28ರಂದು ಅವನಿಗೆ 1,292 ಮತ ಬಿದ್ದು, ಮೊದಲ ಸ್ಥಾನವೇ ಸಿಕ್ಕಿತು.

ಆ ರಾತ್ರಿ ಲಂಡನ್‌ನಲ್ಲಿ ಮನೆ ಕಿಟಕಿಗೆ ದೀಪ ಇಡದವರ ಗಾಜು ಉಳಿಯಲಿಲ್ಲ. ಕಂಡಕಂಡ ಬಾಗಿಲು, ಗಾಡಿಗಳ ಮೇಲೆ ಸೀಮೆಸುಣ್ಣದಲ್ಲಿ 45 ಎಂದು ಬರೆದರು. ಆಸ್ಟ್ರಿಯಾದ ರಾಯಭಾರಿಯನ್ನು ಗಾಡಿಯಿಂದ ಇಳಿಸಿ, ಕಾಲು ಮೇಲೆತ್ತಿ, ಬೂಟಿನ ಅಟ್ಟೆಯ ಮೇಲೂ ಅದನ್ನೇ ಬರೆದು ಕಳಿಸಿದರು.

ವಿಲ್ಕ್ಸ್ ತಾನಾಗಿ ಕೋರ್ಟಿಗೆ ಶರಣಾದ. ಕಾನೂನುಬಾಹಿರ ಎಂಬ ಘೋಷಣೆ ಸಣ್ಣದೊಂದು ತಾಂತ್ರಿಕ ದೋಷದಿಂದ ಬಿದ್ದುಹೋಯಿತು. ಹಳೆಯ ಎರಡು ಆರೋಪಕ್ಕೆ 22 ತಿಂಗಳು ಜೈಲು, 1,000 ಪೌಂಡ್ ದಂಡ ಆಯಿತು. ಈ ನಡುವೆ ಮೇ 10ರಂದು ಜೈಲಿನ ಹೊರಗೆ ಸೇಂಟ್ ಜಾರ್ಜ್ ಬಯಲಿನಲ್ಲಿ ಸೇರಿದ ಗುಂಪಿನ ಮೇಲೆ ಸೈನಿಕರು ಗುಂಡು ಹಾರಿಸಿ ಹಲವರು ಸತ್ತರು. ಬೇರೆ ಯಾರನ್ನೋ ಅಟ್ಟಿಸಿಕೊಂಡು ಹೋದ ಸೈನಿಕರು ವಿಲಿಯಂ ಅಲೆನ್ ಎಂಬ ಯುವಕನನ್ನು ಕೊಟ್ಟಿಗೆಯೊಂದರಲ್ಲಿ ಕೊಂದುಹಾಕಿದರು. ಅದಕ್ಕೂ ಮೊದಲೇ ಸೈನ್ಯ ಬಳಸಲು ಹಿಂಜರಿಯಬೇಡಿ ಎಂದು ಮಂತ್ರಿ ವೇಮತ್ ಅಧಿಕಾರಿಗಳಿಗೆ ಪತ್ರ ಬರೆದಿದ್ದ. ಆ ಪತ್ರ ವಿಲ್ಕ್ಸ್ ಕೈಗೆ ಸಿಕ್ಕಿತು. ಇದು ಮೊದಲೇ ಯೋಚಿಸಿ ಮಾಡಿದ ಕಗ್ಗೊಲೆ ಎಂದು ಬರೆದು ಅದನ್ನು ಅಚ್ಚು ಹಾಕಿಸಿದ.

1769ರ ಫೆಬ್ರವರಿ 3ರಂದು ಸಭೆ ಅವನನ್ನು ಮತ್ತೆ ಉಚ್ಚಾಟಿಸಿತು. 16ಕ್ಕೆ ಜನ ಅವಿರೋಧವಾಗಿ ಆರಿಸಿದರು. ಮರುದಿನ ಸಭೆ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಈ ಸಂಸತ್ತಿನಲ್ಲಿ ಕೂರಲು ಅವನು ಅನರ್ಹ ಎಂದಿತು. ಮಾರ್ಚ್‌ನಲ್ಲಿ ಮತ್ತೆ ಗೆದ್ದ, ಮತ್ತೆ ರದ್ದು. ಏಪ್ರಿಲ್‌ನಲ್ಲಿ ಲಟ್ರೆಲ್ ಎದುರು ಗೆದ್ದ. ಅನರ್ಹನಿಗೆ ಬಿದ್ದ ಮತ ಮತವೇ ಅಲ್ಲ, ಆದ್ದರಿಂದ 296 ಪಡೆದವನೇ ಗೆದ್ದವನು ಎಂಬ ಲೆಕ್ಕ ಹುಟ್ಟಿದ್ದು ಹೀಗೆ.

ಇಲ್ಲಿ ಎರಡು ವಿಷಯಗಳನ್ನು ಬಿಡಿಸಿ ನೋಡಬೇಕು. ಉಚ್ಚಾಟನೆ ಬೇರೆ, ಅನರ್ಹತೆ ಬೇರೆ. ಕೆಟ್ಟದಾಗಿ ನಡೆದುಕೊಂಡ ಸದಸ್ಯನನ್ನು ಹೊರಗೆ ಹಾಕುವ ಅಧಿಕಾರ ಸಭೆಗಿದೆ ಎನ್ನುವುದನ್ನು ವಿಲ್ಕ್ಸ್ ಕಡೆಯ ಅನೇಕರೂ ಒಪ್ಪುತ್ತಿದ್ದರು. ಹೊರಗೆ ಹಾಕಿದಾಗ ಕ್ಷೇತ್ರ ಖಾಲಿಯಾಗುತ್ತದೆ. ಆಮೇಲೆ ಇವನೇ ಬೇಕು ಎಂದು ಜನ ಮತ್ತೆ ಕಳಿಸಿದರೆ? ಯಾರು ಚುನಾವಣೆಗೆ ನಿಲ್ಲಬಾರದು ಅನ್ನೋದು ಕಾನೂನು. ಕಾನೂನು ಮಾಡಲು ಕಾಮನ್ಸ್, ಲಾರ್ಡ್ಸ್, ರಾಜ ಮೂವರೂ ಒಪ್ಪಬೇಕು. ಒಂದೇ ಸಭೆ ಒಂದು ನಿರ್ಣಯ ಪಾಸು ಮಾಡಿ ಹೊಸ ಅನರ್ಹತೆ ಹುಟ್ಟಿಸಿದರೆ, ನಾಳೆ ಬಹುಮತದವರು ತಮಗಾಗದ ಯಾರನ್ನಾದರೂ ಹೀಗೇ ತಡೆಯಬಹುದು, ಅಲ್ವಾ? ಇದನ್ನು ಸಭೆಯಲ್ಲಿ ಎದ್ದು ನಿಂತು ಹೇಳಿದವರಲ್ಲಿ ಜಾರ್ಜ್ ಗ್ರೆನ್ವಿಲ್ ಕೂಡ ಒಬ್ಬ. 1763ರಲ್ಲಿ ವಿಲ್ಕ್ಸ್ ಮೇಲೆ ಮುಗಿಬಿದ್ದ ಸರ್ಕಾರದ ಪ್ರಧಾನಿ ಇವನೇ. ಆ ಮನುಷ್ಯ ನನಗೆ ಬೇಡ, ಆದರೆ ಈ ದಾರಿ ತಪ್ಪು ಎನ್ನುವ ಧೈರ್ಯ ಅವನಿಗಿತ್ತು.

ನಮ್ಮ ಚಿಕ್ಕಮಗಳೂರಿನವರಿಗೆ ಇದರಲ್ಲಿ ಪರಿಚಿತವಾದದ್ದು ಏನೋ ಕಾಣಬಹುದು. 1978ರ ನವೆಂಬರ್‌ನಲ್ಲಿ ಅಲ್ಲಿನ ಉಪಚುನಾವಣೆಯಲ್ಲಿ ಗೆದ್ದು ಹೋದ ಇಂದಿರಾ ಗಾಂಧಿ ಅವರನ್ನು ಲೋಕಸಭೆ ಡಿಸೆಂಬರ್ 19ರಂದು ಹಕ್ಕುಚ್ಯುತಿಯ ಆರೋಪದ ಮೇಲೆ ಉಚ್ಚಾಟಿಸಿ ಜೈಲಿಗೂ ಕಳಿಸಿತು. ಆರೋಪ ಅವರು ಹಿಂದೆ ಪ್ರಧಾನಿಯಾಗಿದ್ದ ಕಾಲದ್ದು. 1981ರ ಮೇ 7ರಂದು ಹೊಸ ಲೋಕಸಭೆ ಆ ನಿರ್ಣಯವನ್ನೇ ಹಿಂತೆಗೆದುಕೊಂಡಿತು. ಇಂಥ ಅಧಿಕಾರ ನಮ್ಮ ಸದನಗಳಿಗೆ ಬಂದದ್ದೂ ಬ್ರಿಟನ್ನಿನಿಂದಲೇ. ಸಂವಿಧಾನ ಜಾರಿಗೆ ಬಂದಾಗ ನಮ್ಮ ಸಂಸತ್ತು, ವಿಧಾನಸಭೆಗಳ ಹಕ್ಕುಬಾಧ್ಯತೆ ಏನು ಎಂದು ಪಟ್ಟಿ ಮಾಡದೆ, ಕಾನೂನು ಮಾಡುವವರೆಗೆ ಬ್ರಿಟನ್ನಿನ ಕಾಮನ್ಸ್ ಸಭೆಗೆ ಏನಿದೆಯೋ ಅದೇ ಇರಲಿ ಎಂದು ಬರೆದಿತ್ತು. ಪ್ರಶ್ನೆ ಕೇಳಲು ಲಂಚ ಪಡೆದ ಆರೋಪದಲ್ಲಿ 2005ರಲ್ಲಿ 11 ಸಂಸದರನ್ನು ಹೊರಹಾಕಿದ ಮೇಲೆ ಸುಪ್ರೀಂ ಕೋರ್ಟ್ 2007ರಲ್ಲಿ ಉಚ್ಚಾಟನೆಯ ಅಧಿಕಾರವನ್ನು ಎತ್ತಿಹಿಡಿಯಿತು. ಆ ತೀರ್ಪಿನಲ್ಲಿ ವಿಲ್ಕ್ಸ್ ಪ್ರಕರಣದ ಚರ್ಚೆಯೂ ಇದೆ. ಆದರೆ ಉಚ್ಚಾಟನೆಗೊಂಡವರು ಮತ್ತೆ ಚುನಾವಣೆಗೆ ನಿಲ್ಲಬಹುದು. ಅಮೆರಿಕದ ಸುಪ್ರೀಂ ಕೋರ್ಟ್ 1969ರಲ್ಲಿ, ಸಂವಿಧಾನ ಹೇಳಿದ ಅರ್ಹತೆ ಇದ್ದು ಗೆದ್ದು ಬಂದವನನ್ನು ಸದನ ಹೊರಗಿಡುವಂತಿಲ್ಲ ಎನ್ನುವಾಗ ವಿಲ್ಕ್ಸ್ ಕಥೆಯನ್ನು ಉದ್ದಕ್ಕೆ ಹೇಳಿದೆ.

ಜೈಲಿನಲ್ಲಿದ್ದಾಗ ವಿಲ್ಕ್ಸ್ ಸಾಲ ತೀರಿಸಲು ಬೆಂಬಲಿಗರು ಸಂಘ ಕಟ್ಟಿ ಚಂದಾ ಎತ್ತಿದರು. ಅಮೆರಿಕದ ಸೌತ್ ಕೆರೊಲಿನಾದ ಶಾಸನಸಭೆ ಬೊಕ್ಕಸದಿಂದಲೇ 1,500 ಪೌಂಡ್ ಕಳಿಸಿತು. ಅದಕ್ಕೆ ಲಂಡನ್ ಸರ್ಕಾರ ತಕರಾರು ತೆಗೆದು ಆ ವಸಾಹತಿನ ಬಜೆಟ್ಟೇ ವರ್ಷಗಟ್ಟಲೆ ನಿಂತುಹೋಯಿತು.

1770ರ ಏಪ್ರಿಲ್‌ನಲ್ಲಿ ಹೊರಬಂದಾಗ ವಿಲ್ಕ್ಸ್ ಲಂಡನ್ ನಗರಸಭೆಯ ಆಲ್ಡರ್‌ಮನ್ ಆಗಿದ್ದ. ಆಲ್ಡರ್‌ಮನ್ ಎಂದರೆ ನಗರದ ಮ್ಯಾಜಿಸ್ಟ್ರೇಟ್ ಕೂಡ. ಸಂಸತ್ತಿಗೆ ಸೇರಿಸದಿದ್ದರೇನಂತೆ, ಈ ಕುರ್ಚಿಯಿಂದಲೇ ಸಂಸತ್ತನ್ನು ಆಟ ಆಡಿಸಿದ.

ಕಲಾಪದ ವರದಿ ಪ್ರಕಟಿಸುವುದು ಆಗ ಅಪರಾಧ. 1771ರಲ್ಲಿ ಕೆಲವು ಮುದ್ರಕರು ಸಂಸದರ ಹೆಸರು ಹಾಕಿಯೇ ವರದಿ ಅಚ್ಚು ಹಾಕಿದರು. ಸಭೆ ಅವರನ್ನು ಹಿಡಿದುಕೊಟ್ಟವರಿಗೆ 50 ಪೌಂಡ್ ಬಹುಮಾನ ಸಾರಿತು. ಜಾನ್ ವೀಬಲ್ ಎಂಬ ಮುದ್ರಕನನ್ನು ಅವನ ಕಡೆಯ ಒಬ್ಬ ಮುದ್ರಣದ ಕೆಲಸಗಾರನೇ "ಬಂಧಿಸಿ" ತಂದು ನಿಲ್ಲಿಸಿದ್ದು ಮ್ಯಾಜಿಸ್ಟ್ರೇಟ್ ವಿಲ್ಕ್ಸ್ ಮುಂದೆ! ಅಪರಾಧವೇ ಇಲ್ಲ ಎಂದು ವಿಲ್ಕ್ಸ್ ಅವನನ್ನು ಬಿಟ್ಟುಕಳಿಸಿದ. ಹಿಡಿದು ತಂದವನಿಗೆ, ಬಹುಮಾನ ಕೇಳಿ ಪಡೆ ಎಂದು ಪ್ರಮಾಣಪತ್ರವನ್ನೂ ಬರೆದುಕೊಟ್ಟ. ಇನ್ನೊಬ್ಬ ಮುದ್ರಕ ಮಿಲ್ಲರ್‌ನನ್ನು ಹಿಡಿಯಲು ಸಭೆಯ ದೂತ ಬಂದಾಗ, ಆ ದೂತನ ಮೇಲೆಯೇ ಹಲ್ಲೆಯ ಕೇಸು ಹಾಕಿ ಹಿಡಿದರು. ಸಭೆ ಸಿಟ್ಟಾಗಿ ಲಾರ್ಡ್ ಮೇಯರ್ ಬ್ರಾಸ್ ಕ್ರಾಸ್ಬಿ ಮತ್ತು ಆಲ್ಡರ್‌ಮನ್ ಆಲಿವರ್‌ರನ್ನು ಟವರ್‌ಗೆ ಕಳಿಸಿತು. ಇಬ್ಬರೂ ಕಾಮನ್ಸ್ ಸದಸ್ಯರೇ.

ವಿಲ್ಕ್ಸ್‌ಗೂ ಕರೆ ಹೋಯಿತು. ಮಿಡ್ಲ್‌ಸೆಕ್ಸ್ ಸಂಸದನಾಗಿ ನನ್ನ ಜಾಗದಲ್ಲಿ ನಿಂತು ಉತ್ತರಿಸುತ್ತೇನೆ, ಬೇರೆ ರೀತಿಯಲ್ಲಿ ಬರುವುದಿಲ್ಲ ಎಂದ. ಸಭೆ ಫಜೀತಿಗೆ ಬಿತ್ತು. ಕೊನೆಗೆ ಅವನು ಏಪ್ರಿಲ್ 8ರಂದು ಹಾಜರಾಗಬೇಕು ಎಂದು ಆದೇಶ ಮಾಡಿ, ತನ್ನ ಕಲಾಪವನ್ನು 9ಕ್ಕೆ ಮುಂದೂಡಿಕೊಂಡಿತು. ವರದಿ ಪ್ರಕಟಿಸಬಾರದು ಎಂಬ ನಿಯಮವನ್ನು ಯಾರೂ ತೆಗೆದುಹಾಕಲಿಲ್ಲ. ಅದನ್ನು ಜಾರಿ ಮಾಡುವ ಹುಮ್ಮಸ್ಸು ಮಾತ್ರ ಸಭೆಗೆ ಉಳಿಯಲಿಲ್ಲ. ಪತ್ರಿಕೆಗಳು ಬರೆಯುತ್ತಾ ಹೋದವು.

1774ರಲ್ಲಿ ವಿಲ್ಕ್ಸ್ ಲಂಡನ್‌ನ ಲಾರ್ಡ್ ಮೇಯರ್ ಆದ. ಅದೇ ವರ್ಷದ ಸಾರ್ವತ್ರಿಕ ಚುನಾವಣೆಯಲ್ಲಿ ಮಿಡ್ಲ್‌ಸೆಕ್ಸ್‌ನಿಂದ ಗೆದ್ದ. ಈ ಸಲ ಯಾರೂ ತಡೆಯಲಿಲ್ಲ. ಅಮೆರಿಕದ ಮೇಲಿನ ಯುದ್ಧವನ್ನು ವಿರೋಧಿಸಿದ. 1776ರ ಮಾರ್ಚ್ 21ರಂದು, ಬೆರಳೆಣಿಕೆಯ ಮತದಾರರಿರುವ ಕೊಳೆತ ಕ್ಷೇತ್ರಗಳನ್ನು ತೆಗೆಯಿರಿ, ಕೂಲಿಕಾರನಿಗೂ ಮತ ಕೊಡಿ ಎಂದು ಸಭೆಯಲ್ಲಿ ಪ್ರಸ್ತಾವ ತಂದ. ಅದನ್ನು ಮತಕ್ಕೂ ಹಾಕದೆ ಕೈಬಿಟ್ಟರು. 1769ರ ನಿರ್ಣಯವನ್ನು ಅಳಿಸಿಹಾಕಿ ಎಂದು ವರ್ಷ ವರ್ಷವೂ ಪೀಡಿಸಿದ. 1782ರ ಮೇ 3ರಂದು 115 ಮತಗಳು ಪರ, 47 ವಿರುದ್ಧ ಬಿದ್ದು, ಅದು ಇಡೀ ಮತದಾರ ವರ್ಗದ ಹಕ್ಕಿಗೆ ಮಾರಕ ಎಂದು ಸಭೆಯೇ ಒಪ್ಪಿ ಕಡತದಿಂದ ಹೊಡೆದುಹಾಕಿತು.

ಅಷ್ಟರಲ್ಲಿ ವಿಲ್ಕ್ಸ್ ಬದಲಾಗಿದ್ದ. 1779ರಿಂದ ಅವನು ನಗರಸಭೆಯ ಖಜಾನೆ ನೋಡಿಕೊಳ್ಳುವ ಚೇಂಬರ್ಲಿನ್. ಒಳ್ಳೆಯ ವರಮಾನದ ಹುದ್ದೆ. 1780ರ ಜೂನ್‌ನಲ್ಲಿ ಕ್ಯಾಥೊಲಿಕರ ವಿರುದ್ಧ ಲಂಡನ್‌ನಲ್ಲಿ ಗಾರ್ಡನ್ ಗಲಭೆ ಎದ್ದಾಗ ಬ್ಯಾಂಕ್ ಆಫ್ ಇಂಗ್ಲೆಂಡ್ ಕಾಯಲು ನಿಂತ ಪಡೆಯ ಜೊತೆ ಅವನಿದ್ದ. ಬ್ಯಾಂಕಿನ ದೊಡ್ಡ ಬಾಗಿಲ ಎದುರು ಗುಂಡು ಹಾರಿಸಿ ಇಬ್ಬರನ್ನು ಕೊಂದದ್ದನ್ನು ಅವನೇ ತನ್ನ ದಿನಚರಿಯಲ್ಲಿ ಬರೆದಿಟ್ಟಿದ್ದಾನೆ. ಸೇಂಟ್ ಜಾರ್ಜ್ ಬಯಲಿನಲ್ಲಿ ಅವನಿಗಾಗಿ ಗುಂಡಿಗೆ ಎದೆಕೊಟ್ಟ ಜನ ಇದನ್ನು ಮರೆಯಲಿಲ್ಲ. ಇಲ್ಲಿ ನಾನು ವಿಲ್ಕ್ಸ್ ಕಡೆಗೇ ನಿಲ್ಲುತ್ತೇನೆ, ಏಕೆಂದರೆ ಆ ಗುಂಪು ಸುಡುತ್ತಿದ್ದದ್ದು ಬಡ ಕ್ಯಾಥೊಲಿಕರ ಮನೆಗಳನ್ನೂ. ಆದರೆ ರಾಜಕೀಯವಾಗಿ ಅವನ ಕಥೆ ಅಲ್ಲಿಗೆ ಮುಗಿಯಿತು. ಆಮೇಲೆ ಅವನು ಪ್ರಧಾನಿ ಪಿಟ್ ಸರ್ಕಾರದ ಕಡೆ ವಾಲಿದ, ಭಾರತದಲ್ಲಿ ಗವರ್ನರ್ ಜನರಲ್ ಆಗಿದ್ದ ವಾರನ್ ಹೇಸ್ಟಿಂಗ್ಸ್ ಪರವಾಗಿಯೂ ಮಾತಾಡಿದ. ರಾಜನ ಎದುರು ತಾನು ಎಂದೂ ವಿಲ್ಕ್ಸ್‌ನ ಹಿಂಬಾಲಕನಾಗಿರಲಿಲ್ಲ ಎಂದು ನಗೆಯಾಡಿದ್ದನಂತೆ. 1790ರಲ್ಲಿ ಮಿಡ್ಲ್‌ಸೆಕ್ಸ್‌ನಲ್ಲಿ ಬೆಂಬಲ ಸಿಗದೆ ಕಣದಿಂದ ಹಿಂದೆ ಸರಿದ.

1797ರ ಡಿಸೆಂಬರ್ 26ರಂದು ತೀರಿಕೊಂಡ. ಮಗಳು ಪಾಲಿ ಅಂದರೆ ಅವನಿಗೆ ಪ್ರಾಣ, ಕೊನೆಯವರೆಗೂ ಜೊತೆಗಿದ್ದವಳು ಅವಳೇ. ಉಯಿಲಿನಲ್ಲಿ ಬೇಕಾದವರಿಗೆಲ್ಲ ಧಾರಾಳವಾಗಿ ಹಣ ಬರೆದಿಟ್ಟಿದ್ದ. ಲೆಕ್ಕ ಹಾಕಿ ನೋಡಿದರೆ ಕೊಡಲು ಆಸ್ತಿಯೇ ಇರಲಿಲ್ಲ.